ವಾರಿಜಾ ಮಿಸ್ ತರಗತಿಯ ಮೌನ
ಎಪ್ಪತ್ತರ ದಶಕದ ಜಯನಗರದ ಆ ಶಿಶುವಿಹಾರಕ್ಕೆ ವಾರಿಜಾ ಮಿಸ್ ಕಾಲಿಟ್ಟರೆ ಕಿಟಕಿಯಾಚೆಯ ಕಾಗೆಗಳೂ ಬಾಯಿ ಮುಚ್ಚುತ್ತವೆಂದು ಆಯಾ ಮುನಿಯಕ್ಕ ಹೇಳುತ್ತಿದ್ದಳು. ಮಿಸ್ ಹೊಡೆದವರಲ್ಲ, ಗದರಿದವರೂ ಅಲ್ಲ. ಅವರ ಹುಬ್ಬು ಕೊಂಚ ಏರಿದರೆ ಸಾಕು, ಮೂವತ್ತು ಜೊತೆ ಪುಟ್ಟ ಕೈಗಳು ತಾವಾಗಿ ಕಟ್ಟಿಕೊಳ್ಳುತ್ತಿದ್ದವು. "ನನ್ನ ಕ್ಲಾಸಲ್ಲಿ ಗಡಿಯಾರ ಬಿಟ್ರೆ ಇನ್ಯಾರೂ ಸದ್ದು ಮಾಡಲ್ಲ" ಎಂದು, ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಯರಿಗೆ ಹೇಳಿ, ನಾಲ್ಕು ವರ್ಷದ ನಳಿನಿಯನ್ನು ತೋರಿಸುತ್ತಿದ್ದರು: "ಇವಳಿಗೆ ಬಾಯಿ ಬಿಟ್ಟು ಹೇಳೋದೇ ಬೇಡ, ಮುಖ ನೋಡೇ ತಿಳ್ಕೋತಾಳೆ." "ಇಷ್ಟು ಚಿಕ್ಕ ಮಗು ಇಷ್ಟು ಸುಮ್ನಿರಬಾರ್ದು ಮೇಡಂ" ಎಂದು ಮುನಿಯಕ್ಕ ಗೊಣಗಿದರೆ, "ನೀನು ಹಾಲು ಕಾಯ್ಸು, ಮಕ್ಕಳ ಮನಸ್ಸು ನನಗೆ ಬಿಡು" ಎಂಬ ಉತ್ತರ ಸಿದ್ಧವಿರುತ್ತಿತ್ತು. ಒಂದು ಬೆಳಿಗ್ಗೆ ಮಿಸ್ ಬಾಗಿಲಿಗೆ ಬಂದಾಗ ಒಳಗೆ ನಳಿನಿ, ಹೊಸದಾಗಿ ಸೇರಿದ ಹುಡುಗಿಗೆ ಪಿಸುದನಿಯಲ್ಲಿ ಪಾಠ ಹೇಳುತ್ತಿದ್ದಳು: "ಮಿಸ್ ಬಂದ ತಕ್ಷಣ ಕೊಡೇನ ಗೋಡೆ ಮೊಳೆಗೆ ಹಾಕಿದ್ರೆ ನಗಬಹುದು. ಮೇಜಿನ ಮೇಲೆ ಎಸೆದ್ರೆ ಉಚ್ಚೆ ಬಂದ್ರೂ ಕೇಳಬಾರ್ದು. ಇವರು ಸುಲಭ ಕಣೇ. ನಮ್ಮಪ್ಪ ಆದ್ರೆ ಗೇಟು ತೆಗೆಯೋ ಸದ್ದಲ್ಲೇ ತಿಳ್ಕೊಂಡು, ಅವರು ಒಳಗೆ ಬರೋಷ್ಟರಲ್ಲಿ ಮಂಚದ ಕೆಳಗೆ ಹೋಗ್ಬಿಡಬೇಕು." ಬಾಗಿಲಲ್ಲೇ ನಿಂತುಬಿಟ್ಟ ಮಿಸ್‌ಗೆ, ತಮ್ಮ ಕೈಯಲ್ಲಿದ್ದ ಕೊಡೆಯನ್ನು ಎಲ್ಲಿಡಬೇಕೆಂಬುದೇ ತಿಳಿಯಲಿಲ್ಲ.