ಸಾಹೇಬರ ಗೋರಿಗೆ ವಿಭೂತಿ

ತಂದೆಯ ಗೋರಿ ಹುಡುಕಿಕೊಂಡು ಗೋಕಾಕಕ್ಕೆ ಬಂದಿದ್ದ ಇಂಗ್ಲಿಷ್ ಮೇಮ್‌ಸಾಹೇಬರು ಹಳೆಯ ಬಂಗಲೆಯ ಹಿಂದಿನ ಕೊನೆಯ ಗೋರಿಕಲ್ಲಿನೆದುರು ನಿಂತರು. ಅದರ ಮೇಲಿನ ಹೆಸರು ವಿಭೂತಿಯಲ್ಲಿ ಮುಚ್ಚಿಹೋಗಿತ್ತು. ಕರವಸ್ತ್ರದಿಂದ ಒರೆಸಿದಾಗ ಅವರ ತಂದೆಯ ಹೆಸರೇ ಕಾಣಿಸಿತು. ದುಭಾಷಿಯಾಗಿ ಹೋಗಿದ್ದ ಶಾಲಾ ಮಾಸ್ತರ ನಾನು, ಇದು ಯಾರ ಕೆಲಸವೆಂದು ಕಾವಲುಗಾರನ ಹೆಂಡತಿ ಗಂಗವ್ವನನ್ನು ಗದರಿದೆ.

"ನಂದ ರೀ, ಮಾಸ್ತರ. ಅಮಾಸಿಗೆ ನಮ್ಮ ಹಿರ್ಯಾರಿಗೆ ಹಚ್ಚಿ ಇವರಿಗೂ ಹಚ್ತೇನಿ. ಮಕ್ಕಳು ಅಷ್ಟ ದೂರ ಅದಾರ, ಯಾರ ಬರಬೇಕ್ರಿ?"

ಅದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಮೇಮ್‌ಸಾಹೇಬರು ಕರವಸ್ತ್ರ ಮಡಚಿಟ್ಟರು. ಗಂಗವ್ವನ ಮನೆಯಿಂದ ವಿಭೂತಿ ತರಿಸಿ, ಒರೆಸಿದ ಜಾಗಕ್ಕೆ ತಾವೇ ಹಚ್ಚಿದರು.

ನನ್ನ ತಂದೆಯ ಸಮಾಧಿ ಇಲ್ಲೇ ಹುಕ್ಕೇರಿಯಲ್ಲಿದೆ. ಅಲ್ಲಿಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಒಂದು ದಿನವೂ ಶಾಲೆ ತಪ್ಪಿಸದ ನಾನು ಮರುದಿನ ಬೆಳಿಗ್ಗೆ ರಜೆಯ ಚೀಟಿ ಬರೆದೆ.