ಲಕ್ಷ್ಮಪ್ಪನ ಗಂಟು, ಚನ್ನೇಶನ ಕಗ್ಗಂಟು

ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಲಕ್ಷ್ಮಪ್ಪನನ್ನು ಮೊದಲ ಸಲ ಕಂಡಾಗ ಚನ್ನೇಶ ಆತನನ್ನು ಪೂಜಾರಿ ಎಂದುಕೊಂಡಿದ್ದ. ಮೆಣಸಿನಕಾಯಿ ಚೀಲ ತುಂಬಿ ತಾಡಪತ್ರಿ ಹೊದ್ದು ನಿಂತ ಲಾರಿಯ ಸುತ್ತ ಒಬ್ಬ ಮುದುಕ ಬೆತ್ತ ಹಿಡಿದು ಸುತ್ತು ಹಾಕುತ್ತಿದ್ದ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಗ್ಗಕ್ಕೆ ಬೆತ್ತದಿಂದ ತಟ್ಟುವುದು, ಕಿವಿ ಕೊಡುವುದು, ತುಟಿ ಅಲ್ಲಾಡಿಸುವುದು. ಲಾರಿಗೂ ಮಂತ್ರ ಹೇಳುವ ಊರು ಇದು ಎಂದು ಭಕ್ತಿ ಉಕ್ಕಿ ಬಂದ ಚನ್ನೇಶ ಚಪ್ಪಲಿ ಬಿಟ್ಟು ಕಣ್ಣು ಮುಚ್ಚಿ ನಿಂತ. ಸುತ್ತು ಮುಗಿದ ಮೇಲೆ ಪ್ರಸಾದಕ್ಕೆ ಅಂಗೈ ಚಾಚಿದ. ಲಕ್ಷ್ಮಪ್ಪ ಆ ಅಂಗೈಯನ್ನೂ ಅದರ ಮಾಲೀಕನನ್ನೂ ಒಮ್ಮೆ ನೋಡಿ, ಅದರಲ್ಲಿ ಒಂದು ಹಗ್ಗದ ತುದಿ ಇಟ್ಟು, ಜಗ್ಗಿ ಹಿಡಿ ಎಂದ. ಬಿಗಿದ ಹಗ್ಗ ತಟ್ಟಿದರೆ ಒಂದು ಸಪ್ಪಳ, ಸಡಿಲಾದದ್ದಕ್ಕೆ ಇನ್ನೊಂದು; ಆತ ಕೇಳುತ್ತಿದ್ದದ್ದು ಅಷ್ಟೇ. ಹಮಾಲರು ನಗುತ್ತಾ ಸೀನಿದರು, ಸೀನುತ್ತಾ ನಕ್ಕರು.

ಚನ್ನೇಶ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ನೌಕರ. ನೌಕರ ಎಂದರೆ ಇನ್ನೂ ಪೂರ್ತಿ ನೌಕರನಲ್ಲ. ವರ್ಷವಿಡೀ ಪರೀಕ್ಷೆ, ಪಾಸಾದರೆ ಕಾಯಂ. ಕಾಯಂ ಮಾಡುವ ಪತ್ರಕ್ಕೆ ಸಹಿ ಹಾಕಬೇಕಾದವರು ಮ್ಯಾನೇಜರ್ ವಿರೂಪಾಕ್ಷ ಸಾಹೇಬರು. ಸಂದರ್ಶನದಲ್ಲಿ ಅವರು ಹವ್ಯಾಸ ಏನೆಂದು ಕೇಳಿದಾಗ, ಮಲಗುವುದು ಎಂಬ ಖರೇ ಉತ್ತರವನ್ನು ನುಂಗಿ, ಹ್ಯಾಮಕ್ ಕ್ಯಾಂಪಿಂಗ್ ಎಂದಿದ್ದ. ಅದು ಪೂರಾ ಸುಳ್ಳಲ್ಲ. ಎರಡು ಮರಗಳ ನಡುವೆ ಬಟ್ಟೆಯ ಜೋಳಿಗೆ ಕಟ್ಟಿ, ಮೇಲೊಂದು ತಾಡಪತ್ರಿ ಬಿಗಿದು, ಒಳಗೆ ದೊಡ್ಡ ಗಂಡಸರು ಮಲಗುವ ವಿಡಿಯೊಗಳನ್ನು ಆತ ಮಲಗಿಕೊಂಡೇ ನೋಡಿದ್ದ. ಅಂಥದ್ದೊಂದು ಜೋಳಿಗೆ ತರಿಸಿ, ಬಾಡಿಗೆ ಮನೆಯ ತಾರಸಿಯಲ್ಲಿ ನೀರಿನ ಟಾಕಿಗೂ ಡಿಶ್ ಕಂಬಕ್ಕೂ ಕಟ್ಟಿ ಫೋಟೊ ತೆಗೆಸಿಕೊಂಡಿದ್ದ. ಫೋಟೊ ಆದ ಮೇಲೆ ಡಿಶ್ ಕಂಬಕ್ಕೆ ಏನಾಯಿತೆಂಬುದನ್ನು ಮನೆ ಮಾಲೀಕರು ಇನ್ನೂ ಮರೆತಿಲ್ಲ.

ಹನ್ನೊಂದನೆಯ ತಿಂಗಳಿಗೆ ಆ ಹವ್ಯಾಸದ ಮಾತು ತಿರುಗಿ ಬಂತು. ಐದು ಜನ ಡೀಲರುಗಳನ್ನು ಹಲಗೇರಿ ಹತ್ತಿರದ ಕಂಪನಿ ತೋಟಕ್ಕೆ ಕರೆದು ಕ್ಯಾಂಪಿಂಗ್ ಮಾಡಿಸೋಣ, ಹೇಗೂ ಚನ್ನೇಶ ಇದ್ದಾನಲ್ಲ ಎಂದರು ಸಾಹೇಬರು. ಇದೊಂದು ಚೆನ್ನಾಗಿ ಆದರೆ ಪತ್ರ ಸೋಮವಾರವೇ ಎಂದೂ ಸೇರಿಸಿದರು. ಚನ್ನೇಶ ನಕ್ಕ. ಕಾಯಂ ಆಗದವರು ನಗುವ ನಗು ಅದು. ಹಲ್ಲು ಕಾಣುತ್ತವೆ, ಅಷ್ಟೆ.

ವಾರ ಮೊದಲೇ ತೋಟಕ್ಕೆ ಹೋಗಿ ಒಂದನ್ನು ಕಟ್ಟಿ ನೋಡಿದ. ಜೋಳಿಗೆ ಹೇಗೋ ನಿಂತಿತು. ಸತಾಯಿಸಿದ್ದು ತಾಡಪತ್ರಿಯ ಬಾಗಿಲು. ಹೊದಿಕೆಯ ಎರಡೂ ತುದಿಗೆ ಜೋಡಿ ಸೆರಗುಗಳಿರುತ್ತವೆ. ಅವನ್ನು ಒಳಕ್ಕೆ ಮಡಚಿ, ಕೂಡಿಸಿ, ಗೂಟಕ್ಕೆ ಬಿಗಿದರೆ ಅದೇ ಬಾಗಿಲು. ಚನ್ನೇಶ ಎರಡೂ ತುದಿ ಮುಚ್ಚಿ ಬಿಗಿದ. ಒಂದು ಗಂಟು ಸಾಲದೆನಿಸಿ ಇನ್ನೊಂದು ಹಾಕಿದ, ಅದರ ಮೇಲೆ ನಂಬಿಕೆ ಬಾರದೆ ಮತ್ತೊಂದು, ಹೀಗೆ ಹನ್ನೊಂದು. ಬಯಲಿನ ಗಾಳಿ ಒಂದು ಸಲ ಉಸಿರು ಬಿಟ್ಟಿತು. ಗೂಟ ಕಿತ್ತುಕೊಂಡು ತಾಡಪತ್ರಿ ಪಕ್ಕದ ಹೊಲ ಸೇರಿತು. ಹನ್ನೊಂದೂ ಗಂಟುಗಳು ಮಾತ್ರ ಇದ್ದಂತೆಯೇ ಇದ್ದವು.

ಆಗ ಪ್ರಸಾದ ಕೊಡದ ಪೂಜಾರಿ ನೆನಪಾದ.

ಲಕ್ಷ್ಮಪ್ಪ ಮೋಟೆಬೆನ್ನೂರಿನವನು. ಮದುವೆಯಾದ ವರ್ಷ ಹಮಾಲಿಗೆ ಬಂದವನು. ಚೀಲ ಬಿದ್ದು ನಡು ಹಿಡಿದ ಮೇಲೆ ಹೊರುವುದನ್ನು ಬಿಟ್ಟು ಲಾರಿ ಹತ್ತಿ ಹಗ್ಗ ಹಿಡಿದ. ಆಮೇಲೆ ನಲವತ್ತು ವರ್ಷ ಇಳಿಯಲಿಲ್ಲ. ಖಾರದ ಘಾಟಿಗೆ ಮೂಗು ಎಷ್ಟು ಪಳಗಿದೆಯೆಂದರೆ, ಮಾರ್ಕೆಟ್ಟಿನಲ್ಲಿ ಒಮ್ಮೆಯೂ ಸೀನದವನು ಕಾಗಿನೆಲೆಗೆ ಹೋಗಿ ಒಳ್ಳೆ ಗಾಳಿ ಕುಡಿದರೆ ಸೀನುತ್ತಾನೆ. ಮನೆಯ ಕಾಯಿಪಲ್ಲೆ ಚೀಲಕ್ಕೂ ಆತನದು ಒಂದೇ ಗಂಟು, ಎಂಥ ಗಾಳಿಗೂ ಜಾರದ್ದು, ತುದಿ ಹಿಡಿದು ಒಮ್ಮೆ ಎಳೆದರೆ ಬಿಚ್ಚುವಂಥದ್ದು. ತಾಳಿ ಕಟ್ಟುವಾಗ ಈ ಗಂಟು ಕಲಿತಿರಲಿಲ್ಲ, ಅದಕ್ಕೇ ನಾನಿನ್ನೂ ಬಿಡಿಸಿಕೊಂಡಿಲ್ಲ ಎಂದು ಹೆಂಡತಿ ಫಕ್ಕೀರವ್ವ ಬಂದವರಿಗೆಲ್ಲ ಹೇಳುತ್ತಾಳೆ.

ಆತನದೊಂದು ಕಟ್ಟಳೆ. ಲಾರಿ ಹೊರಡುವ ಮುಂಚೆ ಯಾವ ಮಗ್ಗುಲು ಯಾರು ಕಟ್ಟಿದ್ದೆಂದು ಡ್ರೈವರನಿಗೆ ಹೆಸರು ಹೇಳುತ್ತಾನೆ. ಮಾಲು ತೋಯ್ದರೆ ಆ ಹೆಸರಿನವನೇ ಉತ್ತರ ಕೊಡಬೇಕು. ಒಂದು ವರ್ಷ ಎಡ ಮಗ್ಗುಲು ಸ್ವಂತ ಅಳಿಯ ಕಟ್ಟಿದ್ದ. ಕಾಯಿ ತೋಯ್ದು ಕಪ್ಪಾದವು. ದಲಾಲರು ಬಂದು ಕೇಳಿದಾಗ ಲಕ್ಷ್ಮಪ್ಪ ಎಲೆ ಅಡಿಕೆ ಕೇಳಿದಷ್ಟು ಸಲೀಸಾಗಿ ಅಳಿಯನ ಹೆಸರು ಹೇಳಿದ. ಅಳಿಯ ಎರಡು ಯುಗಾದಿ ಇತ್ತ ಮುಖ ಹಾಕಲಿಲ್ಲ. ಹೋಳಿಗೆ ಉಳಿದವು ಎಂದನಂತೆ ಮಾವ.

ಇಂಥವನ ಮುಂದೆ ಚನ್ನೇಶ ತನ್ನ ಕಷ್ಟ ತೋಡಿಕೊಂಡ. ಲಕ್ಷ್ಮಪ್ಪ ಪೂರ್ತಿ ಕೇಳಿದ.

"ಜ್ವಾಳಿಗ್ಯಾಗ ಮಲಗೋರು ಯಾರು? ಕೂಸುಗಳೇನು?"

"ಡೀಲರ್ ಮಂದಿರಿ, ಕಾಕಾ."

"ಯಾಕ, ಮನ್ಯಾಗ ಮಂಚ ಇಲ್ಲೇನು ಅವರಿಗೆ?"

ಆದರೂ ಶನಿವಾರ ಬೆಳಿಗ್ಗೆ ಬೆತ್ತ ಹಿಡಿದು ಹಲಗೇರಿ ತೋಟಕ್ಕೆ ಬಂದ. ಬಂದವನೇ ಒಂದು ಚಿಟಿಕೆ ಮಣ್ಣು ತೂರಿ ಗಾಳಿ ನೋಡಿದ. ಗಾಳಿ ಬರುವ ಕಡೆಯ ಬಾಗಿಲನ್ನು ನೆಲಕ್ಕೆ ತಗ್ಗಿಸಿ ಬಿಗಿದು, ಆಚೆ ಕಡೆಯದನ್ನು ಅರ್ಧ ತೆರೆದು ಬಿಟ್ಟ. ವಿಡಿಯೊದಲ್ಲಿ ಎರಡೂ ಮುಚ್ಚಿರುತ್ತಾರೆ ಎಂದ ಚನ್ನೇಶ.

"ಮೆಣಸಿನಕಾಯಿಗೂ ಉಸಿರು ಬೇಕು, ತಮ್ಮಾ. ಪೂರಾ ಮುಚ್ಚಿದ್ರ ಬೆವರತಾವು, ಬೆವತದ್ದು ಕೊಳೀತೈತಿ. ನಿಮ್ಮ ಡೀಲರ್ ಮಂದಿ ಏನ್ ಬ್ಯಾರೇನು?"

ಆಮೇಲೆ ಜೋಳಿಗೆಯ ಹಗ್ಗಕ್ಕೆ ತಾಡಪತ್ರಿಯ ಒಳಗೆ ಒಂದೊಂದು ಚಿಂದಿ ಬಟ್ಟೆ ಕಟ್ಟಿದ. ಮರದಿಂದ ಹಗ್ಗ ಹಿಡಿದು ಬರುವ ನೀರು ಚಿಂದಿಯ ಹತ್ತಿರವೇ ನೆಲಕ್ಕೆ ತೊಟ್ಟಿಕ್ಕುತ್ತದೆ, ಮಲಗಿದವನ ತನಕ ಬರುವುದಿಲ್ಲ. ಚಿಂದಿ ಫೋಟೊದಲ್ಲಿ ಚೆಂದ ಕಾಣುವುದಿಲ್ಲವಲ್ಲ ಎಂಬುದು ಚನ್ನೇಶನ ಚಿಂತೆ. ಹಾಗಾಗಿ ಆರನೆಯದನ್ನು, ಸಾಹೇಬರದನ್ನು, ತಾನೇ ಕಟ್ಟಿದ. ಚಿಂದಿ ಇಲ್ಲ. ಸಾಹೇಬರೆಂದರೆ ಸಾಹೇಬರೇ ಎಂದು ಎರಡೂ ಬಾಗಿಲು ಮುಚ್ಚುವ ಹಾಗೆ ಹೊರಗೆ ಹಗ್ಗ ಬಿಟ್ಟುಕೊಂಡ. ಲಕ್ಷ್ಮಪ್ಪ ಬೆತ್ತದಿಂದ ತಟ್ಟುತ್ತಾ ಬಂದು, ಐದು ತನ್ನವು, ಆರನೆಯದು ಚನ್ನೇಶನದು ಎಂದು ರೂಢಿಯಂತೆ ಹೆಸರು ಹೇಳಿದ.

"ಕಾಕಾ, ಸಾಹೇಬ್ರು ಕೇಳಿದ್ರ ಆರೂ ಇವನ ಕಟ್ಯಾನ ಅನ್ರಿ. ನನ್ನ ನೌಕರಿ ಅದರ ಮ್ಯಾಲ ಐತಿ."

ಲಕ್ಷ್ಮಪ್ಪ ತಂಬಾಕು ಉಗುಳಿದ. ಚನ್ನೇಶ ಅದನ್ನು ಒಪ್ಪಿಗೆ ಎಂದು ತಿಳಿದ.

ಮಧ್ಯಾಹ್ನ ಎಲ್ಲರೂ ಬಂದರು. ಆರೂ ಜೋಳಿಗೆಗಳ ಮುಂದೆ ನಿಂತು ಚನ್ನೇಶ ಗಾಳಿಯ ದಿಕ್ಕು, ಬೆವರು, ಉಸಿರು ಎಂದು ಬೆಳಿಗ್ಗೆ ಕೇಳಿದ್ದನ್ನೆಲ್ಲ ಇಂಗ್ಲಿಷ್ ಬೆರೆಸಿ ಒಪ್ಪಿಸಿದ. ಎಲ್ಲಾ ನಾನೇ ಕಟ್ಟಿದ್ದು ಸರ್ ಎಂದ. ಸಾಹೇಬರು ಬೆನ್ನು ತಟ್ಟಿದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಇಳಿದ ಮೇಲೆ ಡೀಲರುಗಳು ಜೋಳಿಗೆ ಸೇರಿ ಗೊರಕೆ ಹೊಡೆದರು. ಸಾಹೇಬರು ಮಲಗಿದಾಗ ಚನ್ನೇಶ ಎರಡೂ ಬಾಗಿಲು ಎಳೆದು, ಹೊರಗಿನಿಂದ ಪ್ರೀತಿಯಿಂದ ಹನ್ನೊಂದು ಗಂಟು ಹಾಕಿದ.

ನಾಲ್ಕು ಗಂಟೆಗೆ ಅಡ್ಡಮಳೆ ಬಂತು. ಐದು ಜೋಳಿಗೆಗಳಲ್ಲಿ ಗೊರಕೆಯ ದನಿ ಕೂಡ ಬದಲಾಗಲಿಲ್ಲ. ಆರನೆಯದು ಗಾಳಿಗೆ ಉಬ್ಬಿತು, ಒಂದು ಮಗ್ಗುಲಿನ ಗೂಟ ಕಿತ್ತು ಬಂದವು, ತೋಯ್ದ ತಾಡಪತ್ರಿ ಸಾಹೇಬರ ಮೈಗೆ ಸುತ್ತಿಕೊಂಡಿತು. ಹಗ್ಗ ಹಿಡಿದು ಬಂದ ನೀರು ನೇರ ಅವರ ಬೆನ್ನಿಗಿಳಿಯಿತು. ಹೊರಗೆ ಬರೋಣವೆಂದರೆ ಬಾಗಿಲು ಬಿಚ್ಚದು. ಚೀಲದೊಳಗಿನ ಬೆಕ್ಕಿನಂತೆ ಸಾಹೇಬರು ಒದ್ದಾಡುತ್ತಿದ್ದರೆ ಚನ್ನೇಶ ಮೂರನೆಯ ಗಂಟನ್ನು ಹಲ್ಲಿನಿಂದ ಕಚ್ಚುತ್ತಿದ್ದ. ನಲವತ್ತು ವರ್ಷ ಯಾವ ಹಗ್ಗವನ್ನೂ ಕೊಯ್ಯದ ಲಕ್ಷ್ಮಪ್ಪ ಆಚೆ ಮರದಡಿಯಿಂದ ಎದ್ದು ಕುಡುಗೋಲು ತಂದು ಕೊಯ್ದ.

ಸಾಹೇಬರು ಹೊರಬಂದರು. ಕನ್ನಡಕ ಇರಲಿಲ್ಲ, ಮೀಸೆಯಿಂದ ನೀರು ಇಳಿಯುತ್ತಿತ್ತು. ಅಂಗಿ ತೋಯದ ಐವರು ಡೀಲರುಗಳು ಎದ್ದು ಬಂದು ಸುತ್ತ ನಿಂತರು. ಯಾರು ಕಟ್ಟಿದ್ದು ಇದನ್ನು ಎಂದರು ಸಾಹೇಬರು. ಮಧ್ಯಾಹ್ನ ಆರನ್ನೂ ತನ್ನವೆಂದಿದ್ದ ಚನ್ನೇಶ ಈಗ ಆರನ್ನೂ ದಾನ ಮಾಡಿಬಿಟ್ಟ: ಕೆಲಸ ಎಲ್ಲಾ ಇವರದೇ ಸರ್, ನಾನು ಬರೀ ಮೇಲ್ವಿಚಾರಣೆ.

ಸಾಹೇಬರು ಲಕ್ಷ್ಮಪ್ಪನ ಕಡೆ ತಿರುಗಿದರು.

"ಏನ್ರೀ ಯಜಮಾನ್ರ, ಇಷ್ಟ್ ವಯಸ್ಸಾಗೇತಿ, ಒಂದು ಬಾಗಲಾ ನೆಟ್ಟಗ ಕಟ್ಟಾಕ ಬರೂದಿಲ್ಲೇನು ನಿಮಗ?"

ಲಕ್ಷ್ಮಪ್ಪ ಕುಡುಗೋಲು ಒರೆಸಿಕೊಂಡ.

"ತೋಯಲಾರದ ಐದೂ ನನ್ನವರಿ. ತೋಯ್ದದ್ದು ಇವಂದು."