ಸೊಟ್ಟ ಜಡೆಯ ಮೇಡಂ
ನಮ್ಮ ಕ್ಯಾನ್ಸರ್ ವಾರ್ಡಿನ ಫಿಸಿಯೋಥೆರಪಿ ಮೇಡಂ ಚಪ್ಪಲಿ ಸದ್ದು ಕೇಳಿದರೆ ಸಾಕು, ಅರ್ಧ ವಾರ್ಡಿಗೆ ಗಾಢ ನಿದ್ದೆ ಹತ್ತುತ್ತದೆ. ನನ್ನ ಅತ್ತೆಯಂತೂ ಗೊರಕೆಯನ್ನೇ ಹೊಡೆಯುತ್ತಾರೆ. ಮೇಡಂ ಇದಕ್ಕೆಲ್ಲ ಜಗ್ಗುವವರಲ್ಲ. “ನಿದ್ದೇಲೂ ಕೈ ಎತ್ತಬಹುದಮ್ಮ, ನಾನೇ ಎತ್ತಲಾ?” ಎಂದ ಕೂಡಲೇ ಅತ್ತೆಯ ಕಣ್ಣು ತೆರೆಯುತ್ತದೆ. ನೋವೆಂದರೆ, “ಅದು ನಮಗೆ ಪರಿಚಯದ್ದೇ, ನಾನು ಮಾತಾಡಿಸ್ತೀನಿ ಬಿಡಿ” ಎಂದು ಮೆಲ್ಲಗೆ ನೀವುತ್ತಾರೆ. ಸ್ತನದ ಆಪರೇಷನ್ ಆಗಿ ತೋಳು ಮೇಲೇಳದವರಿಗೆಂದು ವಾರ್ಡಿನುದ್ದಕ್ಕೂ ಹಗ್ಗ ಕಟ್ಟಿಸಿ ಒದ್ದೆ ಟವೆಲ್ ಒಣಹಾಕಿಸುತ್ತಾರೆ. ಹಗ್ಗವನ್ನು ಮಾತ್ರ ಗುಟ್ಟಾಗಿ ದಿನಾ ಒಂದಿಷ್ಟು ಮೇಲಕ್ಕೇರಿಸುತ್ತಾರೆ. ಕಳ್ಳಾಟ ಹಿಡಿದವರನ್ನು, “ಹಗ್ಗ ಅಲ್ಲೇ ಇದೆ, ನೀವೇ ಕುಳ್ಳಗಾಗಿದ್ದೀರಿ!” ಎಂದು ದಬಾಯಿಸುತ್ತಾರೆ. ಹೇಗಿದ್ದೀರಿ ಎಂದು ಯಾರನ್ನೂ ಕೇಳುವುದಿಲ್ಲ. “ಆ ಕೈಯಿಂದ ಏನು ಕೆಲಸ ಆಗ್ಬೇಕು ಹೇಳಿ” ಎನ್ನುತ್ತಾರೆ. ಮೂಲೆಯ ಮಂಚದ ತಾಯಿಗೆ ಇನ್ನು ಔಷಧಿ ನಾಟುವುದಿಲ್ಲವೆಂದು ಡಾಕ್ಟರು ಕೈಚೆಲ್ಲಿದ ದಿನವೂ ಅದನ್ನೇ ಕೇಳಿದರು. ಆಕೆ, “ಮಗಳಿಗೆ ಒಂದ್ಸಲ ಜಡೆ ಹಾಕ್ಬೇಕು” ಎಂದರು. ಮೇಡಂ ತಮ್ಮ ತಲೆಯ ಕ್ಲಿಪ್ಪು ತೆಗೆದು, ಆಕೆಗೆ ಬೆನ್ನು ಕೊಟ್ಟು ಮಂಚದ ಅಂಚಿಗೆ ಕೂತರು. ಅಂದಿನಿಂದ ದಿನಾ ಆಕೆ ಹೆಣೆದ ಸೊಟ್ಟ ಜಡೆ ಹೊತ್ತೇ ಆಸ್ಪತ್ರೆ ಸುತ್ತುತ್ತಿದ್ದರು. ನಕ್ಕವರಿಗೆ, “ನಿನ್ನೆ ಮಧ್ಯಾಹ್ನಕ್ಕೇ ಬಿಚ್ಚಿಹೋಗಿತ್ತು. ಇವತ್ತು ನೋಡಿ, ಸಂಜೆ ಆದ್ರೂ ಅಲ್ಲಾಡಿಲ್ಲ!” ಎಂದು ತಿರುಗಿ ನಿಂತು ತೋರಿಸುತ್ತಿದ್ದರು. ಭಾನುವಾರ ಆ ತಾಯಿಯ ಮಗಳು ಕೂದಲು ಬಿಟ್ಟುಕೊಂಡು ಬಂದು ಅದೇ ಅಂಚಿಗೆ ಕೂತಳು. ಅಂದು ಮಾತ್ರ ಮೇಡಂ ಬಿಗಿಯಾಗಿ ಕ್ಲಿಪ್ಪು ಹಾಕಿಕೊಂಡು ಬಂದಿದ್ದರು. ಆ ಮೂಲೆಯತ್ತ ಸುಳಿಯಲೇ ಇಲ್ಲ.